ಮೆಕ್ಯಾನಿಕಲ್ ಸೀಟು ಹಿಡಿಯುವ ಮುಂಚೆ ವರ್ಕ್‌ಶಾಪಿಗೆ ಹೋಗಿ ಬನ್ನಿ

ಸಿಇಟಿ ರ‍್ಯಾಂಕ್ ಗೊತ್ತಾದ ಕೂಡಲೇ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಏಳುವ ಮಾತು ಒಂದೇ: ಇಲ್ಲೇ ಓದಿಸೋದಾ, ಬೆಂಗಳೂರಿಗೆ ಕಳಿಸೋದಾ? ಮೆಕ್ಯಾನಿಕಲ್ ಮಟ್ಟಿಗೆ ಊರಿನ ಮಾತು ಆಮೇಲೆ ಬರಲಿ. ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ) ಸೇರಿದ, ಸ್ವಾಯತ್ತವಲ್ಲದ ಕಾಲೇಜು ಬೆಂಗಳೂರಿನಲ್ಲಿರಲಿ, ಗಂಗಾವತಿಯಲ್ಲಿರಲಿ, ಸಿಲೆಬಸ್ ಅದೇ, ಸೆಮಿಸ್ಟರ್ ಪ್ರಶ್ನೆಪತ್ರಿಕೆ ಅದೇ, ಪದವಿ ಕೊಡುವ ವಿಶ್ವವಿದ್ಯಾಲಯವೂ ಅದೇ. ಸ್ವಾಯತ್ತ, ಅಂದರೆ ಆಟೊನಮಸ್ ಕಾಲೇಜು ಸಿಲೆಬಸ್ ಮತ್ತು ಪರೀಕ್ಷೆಯನ್ನು ತಾನೇ ನಡೆಸುತ್ತದೆ, ಪದವಿ ಮಾತ್ರ ವಿಟಿಯುದು. ಮೇಷ್ಟ್ರುಗಳು ಗಟ್ಟಿ ಇದ್ದರೆ ಇದು ವರ. ಇಲ್ಲದಿದ್ದರೆ ಅಂಕಪಟ್ಟಿ ಹೊಳೆಯುತ್ತದೆ, ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಗೆ ಕೂತಾಗ ಬಣ್ಣ ಬಯಲಾಗುತ್ತದೆ.

ಹೆಸರು ನೋಡಿ ಆಸೆಪಡುವವರಿಗೆ ಒಂದು ಮಾತು. ರಾಯಚೂರಿನ ಐಐಐಟಿಯಲ್ಲಿ ಮೆಕ್ಯಾನಿಕಲ್ ಬ್ರಾಂಚೇ ಇಲ್ಲ. ಸುರತ್ಕಲ್ ಎನ್‌ಐಟಿಕೆಯಲ್ಲಿದೆ, ಅರ್ಧ ಸೀಟು ನಮ್ಮ ರಾಜ್ಯದವರಿಗೇ ಮೀಸಲು. ಆದರೆ ಅದಕ್ಕೆ ಜೆಇಇ ಮೇನ್ ಬರೆದಿರಬೇಕು, ಸಿಇಟಿ ರ‍್ಯಾಂಕ್ ಅಲ್ಲಿ ನಡೆಯುವುದಿಲ್ಲ. ಧಾರವಾಡದ ಐಐಟಿಗೆ ಜೆಇಇ ಅಡ್ವಾನ್ಸ್ಡ್.

ಮೆಕ್ಯಾನಿಕಲ್‌ಗೆ ಈಗ ಕಂಪ್ಯೂಟರ್ ಸೈನ್ಸ್‌ನಷ್ಟು ನೂಕುನುಗ್ಗಲಿಲ್ಲ. ಸ್ಥಳೀಯವಾಗಿ ಕಂಪ್ಯೂಟರ್ ಸೈನ್ಸ್ ಸಿಗದ ರ‍್ಯಾಂಕಿಗೂ ಒಳ್ಳೆಯ ಕಾಲೇಜಿನ ಮೆಕ್ಯಾನಿಕಲ್ ಸಿಗಬಹುದು, ಇದು ಲಾಭ. ಅಪಾಯವೂ ಇದರಲ್ಲೇ ಇದೆ. 60 ಸೀಟಿನ ವಿಭಾಗಕ್ಕೆ ಹದಿನೈದೇ ಮಕ್ಕಳು ಸೇರಿದರೆ ಆಡಳಿತ ಮಂಡಳಿ ಬಿಟ್ಟುಹೋದ ಮೇಷ್ಟ್ರ ಜಾಗ ತುಂಬುವುದಿಲ್ಲ, ಲ್ಯಾಬಿನ ರಿಪೇರಿಗೆ ದುಡ್ಡು ಬಿಚ್ಚುವುದಿಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು: ಕಳೆದ ಮೂರು ವರ್ಷ ಮೆಕ್ಯಾನಿಕಲ್‌ಗೆ ಎಷ್ಟು ಮಂದಿ ಸೇರಿದರು, ಈಗ ಎಷ್ಟು ಮೇಷ್ಟ್ರುಗಳಿದ್ದಾರೆ? ತಾಂತ್ರಿಕ ಕಾಲೇಜುಗಳಿಗೆ ಅನುಮತಿ ಕೊಡುವ ಎಐಸಿಟಿಇ ಲೆಕ್ಕದಲ್ಲಿ 20 ವಿದ್ಯಾರ್ಥಿಗಳಿಗೆ ಒಬ್ಬರು ಇರಬೇಕು. ಪ್ಲೇಸ್‌ಮೆಂಟ್ ಅಂಕಿಯನ್ನೂ ಬ್ರಾಂಚ್‌ವಾರು ಬಿಡಿಸಿ ಕೇಳಿ. ಇನ್ನು ಗುಣಮಟ್ಟ ಅಳೆಯುವ ಸಂಸ್ಥೆಗಳ ಮಾತು: ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಸಿಗುವಂಥದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ ಬೇರೆ ಬೇರೆ. ಕಾಲೇಜಿನ ಗೇಟಿನ ಫ್ಲೆಕ್ಸ್ ನಂಬದೆ, ಮೆಕ್ಯಾನಿಕಲ್‌ಗೆ ಇದೆಯೇ, ಯಾವ ವರ್ಷದವರೆಗೆ ಇದೆ ಎಂದು ಎನ್‌ಬಿಎ ಜಾಲತಾಣದಲ್ಲೇ ನೋಡಿ. ಮುಂದೆ ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಎನ್‌ಬಿಎಯ ‘ಟೈರ್ 1’ ಮಾನ್ಯತೆ ಇದೆಯೇ ನೋಡಿ. ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಯನ್ನು ಒಪ್ಪುವ, 2014ರಲ್ಲಿ ಭಾರತ ಸೇರಿದ ವಾಷಿಂಗ್ಟನ್ ಒಪ್ಪಂದದ ಲೆಕ್ಕಕ್ಕೆ ಬರುವುದು ಅದೊಂದೇ.

ಇಷ್ಟು ಕಾಗದದ ಕೆಲಸ. ಆಮೇಲೆ, ತರಗತಿ ನಡೆಯುವ ದಿನವೇ ಹೋಗಿ ಲ್ಯಾಬ್ ನೋಡಬೇಕು. ಲೇತ್‌ಗಳನ್ನು, ಅಂದರೆ ಲೋಹ ಕಡೆಯುವ ಯಂತ್ರಗಳನ್ನು, ಎಣಿಸಿ, ಓಡುವವು ಎಷ್ಟು ಎಂದು ಬೇರೆ ಎಣಿಸಿ. ದಿನಾ ಓಡುವ ಲೇತ್‌ನ ಬೆಡ್ (ಉದ್ದದ ಹಾಸು) ಎಣ್ಣೆಯಿಂದ ಮಿರುಗುತ್ತದೆ, ಕೆಳಗಿನ ಟ್ರೇಯಲ್ಲಿ ಲೋಹದ ಸುರುಳಿ ಬಿದ್ದಿರುತ್ತದೆ. ಬೆಡ್ ಮೇಲೆ ಕಂದು ತುಕ್ಕು ಕಂಡರೆ ಅದು ಪ್ರದರ್ಶನದ ಲೇತ್. 20 ಮಂದಿಯ ಬ್ಯಾಚಿಗೆ ಮೂರೇ ಲೇತ್ ಓಡುತ್ತಿದ್ದರೆ ಮೂವರು ಕಲಿಯುತ್ತಾರೆ, ಉಳಿದವರು ರೆಕಾರ್ಡ್ ನಕಲು ಮಾಡುತ್ತಾರೆ. ಯುಟಿಎಂ ಹತ್ತಿರ, ಅಂದರೆ ಸರಳನ್ನು ಎಳೆದು ತುಂಡು ಮಾಡುವ ಯಂತ್ರದ ಹತ್ತಿರ, ಈ ವರ್ಷ ತುಂಡಾದ ಮೈಲ್ಡ್ ಸ್ಟೀಲ್ ಸರಳುಗಳನ್ನು ತೋರಿಸಿ ಎನ್ನಿ. ಒಂದು ತುದಿ ಬಟ್ಟಲಿನಂತೆ, ಇನ್ನೊಂದು ಶಂಕುವಿನಂತೆ ಮುರಿದಿರುತ್ತದೆ. ಮುರಿದ ಮುಖ ಇನ್ನೂ ಬೂದುಬಣ್ಣಕ್ಕೆ ಹೊಳೆಯುತ್ತಿದ್ದರೆ ಪ್ರಯೋಗ ಇತ್ತೀಚೆಗೆ ನಡೆದಿದೆ. ಯಂತ್ರದ ಮೇಲಿನ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ಚೀಟಿಯ ತಾರೀಖನ್ನೂ ಓದಿ. ನೀರಿನ ರಭಸಕ್ಕೆ ತಿರುಗುವ ಪೆಲ್ಟನ್ ವೀಲ್‌ನ ಕೆಳಗಿನ ತೊಟ್ಟಿ ಒಣಗಿ ಧೂಳು ಕೂತಿದ್ದರೆ ಮತ್ತೇನೂ ಕೇಳಬೇಕಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಕಡೆ, ಶಾಖ ವಿನಿಮಯ ಮಾಡುವ ಹೀಟ್ ಎಕ್ಸ್‌ಚೇಂಜರ್ ಕೊಳವೆಗಳಲ್ಲಿ ಸುಣ್ಣ ಕಟ್ಟಿ ರೀಡಿಂಗ್ ಕೆಡುತ್ತದೆ. ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ ಎಂದು ಲ್ಯಾಬ್ ಅಟೆಂಡರ್‌ನನ್ನು ಕೇಳಿ, ಪ್ರಾಂಶುಪಾಲರಿಗಿಂತ ಅವರ ಉತ್ತರ ನೇರವಾಗಿರುತ್ತದೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ಲ್ಯಾಬ್ ಎಂದ ಕಡೆ ಯಂತ್ರ ಇದೆಯೋ, ಪರದೆಯ ಮೇಲಿನ ಸಿಮ್ಯುಲೇಷನ್ ಅಷ್ಟೆಯೋ ನೋಡಿಕೊಳ್ಳಿ.

ವಿಟಿಯುದ 2022ರ ಸ್ಕೀಮಿನಲ್ಲಿ ಕೊನೆಯ ವರ್ಷ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ. ನಮ್ಮ ಭಾಗದ ಕಾಲೇಜುಗಳಿಗೆ ಇಲ್ಲಿ ಮೇಲುಗೈ ಆಗಬೇಕು. ತೋರಣಗಲ್ಲಿನ ಜೆಎಸ್‌ಡಬ್ಲ್ಯು, ಕುಡತಿನಿ ಮತ್ತು ಶಕ್ತಿನಗರದ ಶಾಖೋತ್ಪನ್ನ ಕೇಂದ್ರಗಳು, ಹಟ್ಟಿಯ ಚಿನ್ನದ ಗಣಿ, ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್: ಬಾಯ್ಲರ್, ಟರ್ಬೈನ್, ರೋಲಿಂಗ್ ಮಿಲ್, ಎರಕ ಎಲ್ಲವೂ ಬಸ್ಸಿನ ದೂರದಲ್ಲಿವೆ. ಪಕ್ಕದಲ್ಲಿದ್ದ ಮಾತ್ರಕ್ಕೆ ಒಳಗೆ ಬಿಡುತ್ತಾರೆ ಅಂತಲ್ಲ. ಎಂಟನೇ ಸೆಮಿಸ್ಟರ್ ಹುಡುಗರನ್ನು ಹಿಡಿದು ಎಲ್ಲಿ ಹೋಗಿದ್ದೆ, ಯಾವ ವಿಭಾಗ, ಯಾವ ಶಿಫ್ಟ್ ಎಂದು ಕೇಳಿ. ದುಡ್ಡು ಕಟ್ಟಿ ಆನ್‌ಲೈನ್ ಸರ್ಟಿಫಿಕೇಟ್ ತಂದವನು ಶಿಫ್ಟಿನ ಪ್ರಶ್ನೆಗೇ ತಡವರಿಸುತ್ತಾನೆ.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ವಿಷಯದಲ್ಲಿ ಪ್ರತಿ ವರ್ಷ ಅದೇ ತಪ್ಪು. ಕಲ್ಯಾಣ ಕರ್ನಾಟಕದ ಒಳಗೆ ಸ್ಥಳೀಯರಿಗೆ ನೂರಕ್ಕೆ 70 ಸೀಟು ಎಂಬುದು ಎಲ್ಲರಿಗೂ ಗೊತ್ತು. ಹೊರಗಿನ ಕಾಲೇಜುಗಳಲ್ಲೂ ನೂರಕ್ಕೆ 8 ಇದೆ ಎಂಬುದನ್ನು ಮರೆಯುತ್ತಾರೆ. ಆ ಸೀಟುಗಳ ಕಟ್ ಆಫ್ ಬೇರೆ ಪಟ್ಟಿಯಲ್ಲಿರುತ್ತದೆ. ಸಾಮಾನ್ಯ ಪಟ್ಟಿ ನೋಡಿ ನಮಗೆ ಬರಲ್ಲ ಬಿಡಿ ಎಂದು ಕೈಬಿಡಬೇಡಿ. ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿ. ಇಲ್ಲಿನ ಶಾಲೆಯಲ್ಲಿ ಓದಿದ ಪತ್ರವೊಂದೇ ಅದಕ್ಕೆ ಸಾಲದು, ಹುಟ್ಟು ಅಥವಾ ವಾಸದ ದಾಖಲೆ ಬೇಕು. ಸಿಇಟಿ ಅರ್ಜಿಯಲ್ಲೇ ಈ ಮೀಸಲಾತಿ ಕೇಳಿರಬೇಕು, ಆದ್ದರಿಂದ ಅರ್ಜಿ ತುಂಬುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಕಾಲೇಜು, ಬ್ರಾಂಚುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯಿರಿ. ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ಹುಡುಕಿ ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ರ‍್ಯಾಂಕ್ ಚೆನ್ನಾಗಿಲ್ಲ ಅಂತ ಸಾಧಾರಣ ಕಾಲೇಜನ್ನು ಮೇಲೆ ಹಾಕಿದರೆ ಅದೇ ಗಂಟು ಬೀಳುತ್ತದೆ. ಸೀಟು ಬಂದ ಮೇಲೆ ಚಾಯ್ಸ್ 2 ಒತ್ತಿದರೆ ಅದನ್ನು ಉಳಿಸಿಕೊಂಡು ಮೇಲಿನದಕ್ಕೆ ಕಾಯಬಹುದು, ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. ಚಾಯ್ಸ್ 3ರಲ್ಲಿ ಕೈಲಿದ್ದುದನ್ನು ಬಿಟ್ಟೇ ಮುಂದಿನ ಸುತ್ತಿಗೆ ಹೋಗಬೇಕು. ಪಟ್ಟಿಯಲ್ಲಿ ಮೆಕ್ಯಾನಿಕಲ್, ಮೆಕಾಟ್ರಾನಿಕ್ಸ್, ರೊಬೊಟಿಕ್ಸ್, ಆಟೊಮೊಬೈಲ್ ಬೇರೆ ಬೇರೆ ಬ್ರಾಂಚುಗಳು. ಸರ್ಕಾರಿ ಕಂಪನಿಗಳ ಕೆಲವು ಹುದ್ದೆಗೆ ‘ಮೆಕ್ಯಾನಿಕಲ್’ ಎಂದೇ ಕೇಳುತ್ತಾರೆ, ಅದಕ್ಕೇ ಲಾಕ್ ಮಾಡುವ ಮುಂಚೆ ಪ್ರಿಂಟ್ ತೆಗೆದು ಬ್ರಾಂಚಿನ ಪೂರ್ತಿ ಹೆಸರನ್ನು ಒಂದೊಂದಾಗಿ ಓದಿ ನೋಡಿ.