ಆನ್‌ಲೇ ಗಟ್ಟಿ ನಿಲ್ಲುವುದು ಅಂಟಿನಿಂದ

ದೊಡ್ಡ ಫಿಲ್ಲಿಂಗ್ ಹೊತ್ತ ದವಡೆ ಹಲ್ಲು ಹತ್ತಾರು ವರ್ಷ ಸುಮ್ಮನಿದ್ದು, ಒಂದು ದಿನ ಚಕ್ಕುಲಿ ಕಡಿಯುವಾಗ ನಾಲಿಗೆ ಕಡೆಯ ಗೋಡೆಯನ್ನು ಕಳಚಿಬಿಡುತ್ತದೆ. ಇಂಥ ಹಲ್ಲಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಕ್ಯಾಪ್. ಆದರೆ ಪೂರ್ತಿ ಕ್ಯಾಪ್ ಕೂರಬೇಕಾದರೆ ಸುತ್ತಲೂ ಉಳಿದಿರುವ ಗಟ್ಟಿ ಎನಾಮೆಲನ್ನೂ ಉಜ್ಜಿ ತೆಗೆಯಬೇಕು. ಒಸಡಿನ ಮೇಲೆ ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಹೋಗುತ್ತದೆ. ಮುರಿದ ಮತ್ತು ತೆಳುವಾದ ಭಾಗವನ್ನಷ್ಟೇ ತೆಗೆದು, ಅಲ್ಲಿಗೆ ಬಾಯಿಯ ಹೊರಗೆ ತಯಾರಾದ ಸೆರಾಮಿಕ್ ತುಂಡನ್ನು ಅಂಟಿಸುವುದೇ ಆನ್‌ಲೇ.

ಹೊರಗೇ ಯಾಕೆ ತಯಾರಿಸಬೇಕು? ಬಾಯಲ್ಲೇ ತುಂಬುವ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್) ಬೆಳಕಿಗೆ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ 2–3ರಷ್ಟು ಕುಗ್ಗುತ್ತದೆ. ಗುಂಡಿ ದೊಡ್ಡದಾದಷ್ಟೂ ಈ ಎಳೆತ ಹೆಚ್ಚು. ಗೋಡೆಗಳು ಒಳಕ್ಕೆ ಬಾಗುತ್ತವೆ, ಇಲ್ಲವೇ ಅಂಚಿನಲ್ಲಿ ಅಂಟು ಬಿಡುತ್ತದೆ. ಆನ್‌ಲೇಯಲ್ಲಿ ಕುಗ್ಗುವುದು ತುಂಡನ್ನು ಅಂಟಿಸುವ ಸಿಮೆಂಟಿನ ತೆಳು ಪದರ ಮಾತ್ರ.

ಅಗಿಯುವ ಮೊನೆಗಳ ಮೇಲೆ ಸೆರಾಮಿಕ್‌ಗೆ ಸುಮಾರು 1.5 ಮಿಲಿಮೀಟರ್ ಜಾಗ ಬೇಕು. ಒಳಗಿನ ಮೂಲೆಗಳೆಲ್ಲ ದುಂಡಗಿರಬೇಕು. ಚೂಪು ಮೂಲೆಯಲ್ಲಿ ಒತ್ತಡ ಗುಡ್ಡೆಯಾಗಿ ಸೆರಾಮಿಕ್ ಸೀಳುತ್ತದೆ ಎಂಬುದು ಹಳೆಯ ಕಾರಣ. ಸೆರಾಮಿಕ್ ತುಂಡನ್ನು ಕೊರೆಯುವ ಯಂತ್ರ ಹೊಸ ಕಾರಣವನ್ನೂ ಸೇರಿಸಿದೆ. ಅದರ ಬರ್‌ನ, ಅಂದರೆ ಕೊರೆಯುವ ಕಡ್ಡಿಯ, ತುದಿಗೆ ಒಂದು ದಪ್ಪವಿದೆ. ಅದಕ್ಕಿಂತ ಸಣ್ಣ ಅಂಚಿಗೆ ಹೊಂದುವಂತೆ ಕೊರೆಯಲು ಹೋದಾಗ ಯಂತ್ರ ಬೇಕಾದ್ದಕ್ಕಿಂತ ಜಾಸ್ತಿ ಕೊರೆಯುತ್ತದೆ, ತುಂಡು ಆ ಜಾಗದಲ್ಲಿ ಸಡಿಲವಾಗಿ ಕೂರುತ್ತದೆ.

ಹಲ್ಲಿನ ಕೊರೆತ ಮುಗಿದ ಆ ಗಳಿಗೆಯೇ ಬಹಳ ಮುಖ್ಯ. ಆಗ ತಾನೇ ಕತ್ತರಿಸಿದ ಡೆಂಟಿನ್ (ಎನಾಮೆಲಿನ ಕೆಳಗಿನ ಪದರ) ಶುಚಿಯಾಗಿರುತ್ತದೆ, ಅಂಟನ್ನು ಚೆನ್ನಾಗಿ ಹಿಡಿಯುತ್ತದೆ. ಅದನ್ನು ಹಾಗೇ ಬಿಟ್ಟು, ತುಂಡು ತಯಾರಾಗುವ ತನಕ ಎರಡು ವಾರ ತಾತ್ಕಾಲಿಕ ಸಿಮೆಂಟಿನ ಕೆಳಗಿಟ್ಟರೆ ಅದರ ಸೂಕ್ಷ್ಮನಳಿಕೆಗಳೊಳಗೆ ಬ್ಯಾಕ್ಟೀರಿಯಾ, ಸಿಮೆಂಟಿನ ಕೊಳೆ ಸೇರುತ್ತವೆ. ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಆದ್ದರಿಂದ ಅಳತೆ ತೆಗೆಯುವ ಮೊದಲೇ ಡೆಂಟಿನ್ ಮುಚ್ಚಬೇಕು. ಆಮ್ಲ ಬಳಸುವ ವಿಧಾನದಲ್ಲಿ ಡೆಂಟಿನ್ ಮೇಲೆ ಫಾಸ್ಫೊರಿಕ್ ಆಮ್ಲ 15 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ನಂತರ ಪ್ರೈಮರ್ (ಅಂಟಿಗೆ ಮೈಯನ್ನು ಸಜ್ಜುಗೊಳಿಸುವ ದ್ರವ), ಅಂಟು, ಬೆಳಕು, ಮೇಲೊಂದು ತೆಳುವಾದ ಹರಿಯುವ ಕಾಂಪೋಸಿಟ್ ಪದರ. ಗಾಳಿಯ ಆಮ್ಲಜನಕ ತಾಗಿದ ಮೇಲ್ಪದರ ಪೂರ್ತಿ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ, ಅಳತೆ ತೆಗೆಯುವ ರಬ್ಬರಿನಂಥ ದ್ರವ್ಯವನ್ನೂ ಕೆಡಿಸುತ್ತದೆ. ಗ್ಲಿಸರಿನ್ ಜೆಲ್ ಹಚ್ಚಿ ಮತ್ತೊಮ್ಮೆ ಬೆಳಕು ಕೊಟ್ಟರೆ ಆ ತೊಂದರೆ ಇಲ್ಲ. ಎನಾಮೆಲ್ ಅಂಚಿಗೆ ಹರಿದ ಅಂಟನ್ನು ಮಾತ್ರ ಮರೆಯದೆ ಬರ್‌ನಿಂದ ತೆಗೆಯಬೇಕು. ತಾತ್ಕಾಲಿಕ ತುಂಡು ಮಾಡುವಾಗ ಹಲ್ಲಿಗೆ ಗ್ಲಿಸರಿನ್ ಅಥವಾ ವ್ಯಾಸಲಿನ್ ಸವರದಿದ್ದರೆ ಅದು ಈ ಪದರಕ್ಕೇ ಅಂಟಿಕೊಂಡು, ಮುಂದಿನ ಭೇಟಿಯಲ್ಲಿ ಕೀಳಲು ಹೋದವರ ಬೆವರಿಳಿಸುತ್ತದೆ.

ಅಳತೆಗೆ ಈಗ ಬಾಯೊಳಗಿನ ಸ್ಕ್ಯಾನರ್ ಇದೆ. ಒಂದೇ ಭೇಟಿಯಲ್ಲಿ ಅಳತೆ, ಕೊರೆತ, ಜೋಡಣೆ ಎಲ್ಲ ಮುಗಿಸಬಹುದೆಂದು 1985ರಲ್ಲಿ ಜ್ಯೂರಿಕ್‌ನಲ್ಲಿ ದಂತವೈದ್ಯ ವರ್ನರ್ ಮೋರ್‌ಮನ್ ಮತ್ತು ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿ ತೋರಿಸಿಕೊಟ್ಟಿದ್ದರು. ಸ್ಕ್ಯಾನರ್ ಕಾಣುವುದನ್ನಷ್ಟೇ ದಾಖಲಿಸುತ್ತದೆ. ಅಂಚಿನ ಮೇಲೆ ರಕ್ತ, ಎಂಜಲು ಇದ್ದರೆ ಅಥವಾ ಒಸಡು ಬಿದ್ದಿದ್ದರೆ ಅಲ್ಲಿ ತಪ್ಪು ಅಂಚೇ ದಾಖಲಾಗುತ್ತದೆ.

ಹೆಚ್ಚು ಬಳಕೆಯ ಲಿಥಿಯಂ ಡೈಸಿಲಿಕೇಟ್ ಸೆರಾಮಿಕ್ ಬ್ಲಾಕ್ ಕೈಗೆ ಬಂದಾಗ ನೇರಳೆ ಮಿಶ್ರಿತ ನೀಲಿ. ಇನ್ನೂ ಅರೆಬೆಂದ ಸ್ಥಿತಿಯಲ್ಲಿರುವುದರಿಂದ ಯಂತ್ರ ಸುಲಭವಾಗಿ ಕೊರೆಯುತ್ತದೆ. ಸುಮಾರು 850 ಡಿಗ್ರಿ ಸೆಲ್ಸಿಯಸ್ ಕುಲುಮೆಯೊಳಗೆ ಸೂಜಿಯಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಬೆಳೆಯುತ್ತವೆ. ನೀಲಿ ಮಾಯವಾಗಿ ಹಲ್ಲಿನ ಬಣ್ಣ ಬರುತ್ತದೆ, ಬಲ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ಇಷ್ಟಾದರೂ ಅಂಟಿಸದೆ ಹಲ್ಲಿನ ಮೇಲಿಟ್ಟು ಕಚ್ಚಿಸಿದರೆ ಒಡೆಯಬಹುದು. ಹಾಗಾಗಿ ಅಂಟಿಸುವ ಮೊದಲು ಅಂಚು ಮತ್ತು ಪಕ್ಕದ ಹಲ್ಲಿನ ಸಂಪರ್ಕವನ್ನಷ್ಟೇ ನೋಡಬೇಕು. ಕಚ್ಚುವಿಕೆಯ ಪರೀಕ್ಷೆ ಆಮೇಲೆ. ತುಂಡಿನ ಒಳಮೈಗೆ ಬಾಯಿಯ ಹೊರಗೆ, ಕೈಗವಸು ಹಾಕಿಕೊಂಡು, ಶೇ 5ರ ಹೈಡ್ರೋಫ್ಲೋರಿಕ್ ಆಮ್ಲ 20 ಸೆಕೆಂಡು. ತೊಳೆದು ಒಣಗಿಸಿದಾಗ ಮಂಜು ಕವಿದ ಗಾಜಿನಂತೆ ಕಾಣಬೇಕು. ಆಮ್ಲ ಹರಳುಗಳ ನಡುವಿನ ಗಾಜನ್ನು ಕರಗಿಸಿ, ಅಂಟು ಇಳಿಯಲು ಸಂದುಗಳನ್ನು ತೆರೆದಿರುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಹೆಚ್ಚು ಹಿಡಿಯುತ್ತದೆ ಎಂದುಕೊಳ್ಳುವುದು ತಪ್ಪು, ಸೆರಾಮಿಕ್ಕೇ ದುರ್ಬಲವಾಗುತ್ತದೆ. ಬಳಿಕ ಸೈಲೇನ್ ಹಚ್ಚಿ ಒಂದು ನಿಮಿಷ ಬಿಟ್ಟು ಒಣಗಿಸಬೇಕು. ಅದರ ಅಣುವಿನ ಒಂದು ತುದಿ ಗಾಜನ್ನು, ಇನ್ನೊಂದು ತುದಿ ಸಿಮೆಂಟಿನ ರಾಳವನ್ನು ಹಿಡಿಯುತ್ತದೆ.

ಇನ್ನೊಂದು ಸೆರಾಮಿಕ್ ಆದ ಜಿರ್ಕೋನಿಯಾಗೆ ಈ ಕ್ರಮ ಸಲ್ಲದು. ಅದರಲ್ಲಿ ಕರಗುವ ಗಾಜೇ ಇಲ್ಲ. ಅಲ್ಯೂಮಿನಾ ಪುಡಿಯನ್ನು ಕಡಿಮೆ ಒತ್ತಡದಲ್ಲಿ ಎರಚಿ, ಎಂಡಿಪಿ ಎಂಬ ರಾಸಾಯನಿಕ ಇರುವ ಪ್ರೈಮರ್ ಹಚ್ಚಬೇಕು. ಎಂಡಿಪಿಯ ಫಾಸ್ಫೇಟ್ ತುದಿ ಜಿರ್ಕೋನಿಯಾವನ್ನು ಹಿಡಿಯುತ್ತದೆ. ಆದರೆ ಎಂಜಲಿನ ಫಾಸ್ಫೇಟ್ ಮೊದಲೇ ಆ ಜಾಗ ಹಿಡಿದಿದ್ದರೆ ಅದಕ್ಕೆ ನೆಲೆಯಿಲ್ಲ. ಅದನ್ನು ಫಾಸ್ಫೊರಿಕ್ ಆಮ್ಲದಿಂದ ತೊಳೆದರೆ ಇನ್ನಷ್ಟು ಫಾಸ್ಫೇಟ್ ಸೇರುತ್ತದೆ. ಆದ್ದರಿಂದ ಪುಡಿ ಎರಚುವ ಕೆಲಸ ಬಾಯಲ್ಲಿಟ್ಟು ನೋಡಿದ ನಂತರವೇ ಇರಲಿ.

ಹಲ್ಲಿನ ಕಡೆ ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಯ ತೇವದಿಂದ ಬೇರ್ಪಡಿಸುವ ರಬ್ಬರ್ ಹಾಳೆ) ಅತ್ಯಗತ್ಯ. ಉಸಿರಿನ ತೇವವೂ ಅಂಟಿನ ವೈರಿ. ಹಿಂದೆ ಮುಚ್ಚಿದ ಡೆಂಟಿನ್ ಪದರವನ್ನು ಪುಡಿ ಎರಚಿ ಚುರುಕುಗೊಳಿಸಿ, ಎನಾಮೆಲಿಗೆ ಆಮ್ಲ, ಅಂಟು, ಸಿಮೆಂಟ್ ಹಾಕಿ ತುಂಡನ್ನು ಕೂರಿಸಬೇಕು. ಹಲ್ಲುಗಳ ಸಂದಿನ ಹೆಚ್ಚುವರಿ ಸಿಮೆಂಟನ್ನು ಗಟ್ಟಿಯಾಗುವ ಮೊದಲೇ ಫ್ಲಾಸ್‌ನಿಂದ ತೆಗೆಯಬೇಕು. ಅಲ್ಲಿ ಉಳಿದದ್ದು ಒಸಡನ್ನು ಊದಿಸುತ್ತಲೇ ಇರುತ್ತದೆ. ಪ್ರತಿ ಬದಿಗೂ ಬೆಳಕು ಬೀಳಬೇಕು. ದಪ್ಪ ತುಂಡಾದರೆ ಬೆಳಕು ತಳ ಮುಟ್ಟದು, ತಾನಾಗಿಯೂ ಗಟ್ಟಿಯಾಗುವ ಸಿಮೆಂಟ್ ಬೇಕು.

ಕೊನೆಗೆ ಬಣ್ಣದ ಕಾಗದ ಕಚ್ಚಿಸಿ, ಎತ್ತರವಾದ ಚುಕ್ಕೆಗಳನ್ನು ನುಣುಪು ವಜ್ರದ ಬರ್‌ನಿಂದ ನೀರು ಹಾಯಿಸುತ್ತ ಇಳಿಸಿ, ಅದೇ ಜಾಗಕ್ಕೆ ಮತ್ತೆ ಪಾಲಿಶ್ ಕೊಡಬೇಕು. ಪಾಲಿಶ್ ಇಲ್ಲದೆ ಬಿಟ್ಟ ಒರಟು ಚುಕ್ಕೆ ಎದುರಿನ ಹಲ್ಲನ್ನು ಉಪ್ಪುಕಾಗದದಂತೆ ಸವೆಸುತ್ತದೆ.