ಲೋಟಸ್ ಮಹಲ್‌ನ ಕಮಾನು ಯಾರದ್ದು?

ಓದುಗರ ಪ್ರಶ್ನೆ: "ಹಂಪಿಯ ಲೋಟಸ್ ಮಹಲ್‌ನಲ್ಲಿ ಕಮಾನುಗಳಿವೆ. ಆನೆ ಲಾಯದ ಮೇಲೆ ಗುಮ್ಮಟಗಳಿವೆ. ಅಂದ ಮೇಲೆ ಅವನ್ನು ಕಟ್ಟಿಸಿದ್ದು ಸುಲ್ತಾನರೇ ತಾನೆ? ಇಂಡೋ-ಇಸ್ಲಾಮಿಕ್ ಶೈಲಿ ಅಂದರೆ ಕಮಾನು, ಗುಮ್ಮಟ, ಮಿನಾರು ಇರೋದು ಅಲ್ವಾ?"

ಮತ್ತೆ ಬಂತು ನೋಡಿ. ಹಂಪಿಗೆ ಹೋಗಿ ಬಂದವರಲ್ಲಿ ಒಬ್ಬರಾದರೂ ಇದನ್ನು ಕೇಳದೆ ಬಿಡುವುದಿಲ್ಲ. ಕೆಲವರು ಕೇಳುವುದೂ ಇಲ್ಲ, ನೇರವಾಗಿ ತೀರ್ಪು ಕೊಟ್ಟುಬಿಡುತ್ತಾರೆ.

ಮೊದಲು ನೇರ ಉತ್ತರ. ಲೋಟಸ್ ಮಹಲ್ ವಿಜಯನಗರದ ಅರಸರ ಕಾಲದ್ದೇ. ಆನೆ ಲಾಯವೂ ಅವರ ಕಾಲದ್ದೇ. 1565ರ ತಾಳಿಕೋಟೆ ಯುದ್ಧದ ನಂತರ ಸುಲ್ತಾನರ ಸೈನ್ಯ ಹಂಪಿಗೆ ಬಂದದ್ದು ಕೊಳ್ಳೆ ಹೊಡೆಯಲು. ಅಲ್ಲೇ ನಿಂತು, ಆನೆಗಳಿಗೆ ಹನ್ನೊಂದು ಕೋಣೆಯ ಲಾಯ ಕಟ್ಟಿಸುವ ವ್ಯವಧಾನ ಅವರಲ್ಲಿ ಯಾರಿಗೂ ಇರಲಿಲ್ಲ.

ಉತ್ತರ ಇಷ್ಟೇ. ಆದರೆ ಪ್ರಶ್ನೆಯ ಒಳಗೆ ಒಂದು ನಂಬಿಕೆ ಕೂತಿದೆ. ಕಮಾನು ಕಂಡರೆ ಮುಸ್ಲಿಂ ಕಟ್ಟಡ, ಕಂಬ ಕಂಡರೆ ಹಿಂದೂ ಕಟ್ಟಡ ಅನ್ನುವುದು. ಎಷ್ಟು ಸಲ ಹೇಳಿದರೂ ಇದು ಜಗ್ಗುವುದಿಲ್ಲ. ಇವತ್ತು ಇದನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಕಮಾನಿಗೂ ಧರ್ಮಕ್ಕೂ ಸಂಬಂಧವಿಲ್ಲ. ಇಸ್ಲಾಂ ಹುಟ್ಟುವ ನೂರಾರು ವರ್ಷ ಮೊದಲೇ ರೋಮನ್ನರು ಕಮಾನಿನ ಮೇಲೆ ಸೇತುವೆ, ಕಾಲುವೆ ಎಲ್ಲ ಕಟ್ಟಿ ಮುಗಿಸಿದ್ದರು. ಇರಾನಿನ ಸಸಾನಿ ದೊರೆಗಳೂ ಕಟ್ಟಿದ್ದರು. ನಮ್ಮಲ್ಲೂ ಇತ್ತು. ಕಾನ್ಪುರದ ಹತ್ತಿರ ಭಿತರಗಾಂವ್ ಅನ್ನುವಲ್ಲಿ ಗುಪ್ತರ ಕಾಲದ, ಅಂದರೆ 5ನೇ ಶತಮಾನದ, ಇಟ್ಟಿಗೆಯ ದೇವಸ್ಥಾನವಿದೆ. ಅದರೊಳಗೆ ನಿಜವಾದ ಕಮಾನು ಇದೆ. ಹಾಗಾಗಿ "ನಮ್ಮವರಿಗೆ ಕಮಾನು ಗೊತ್ತೇ ಇರಲಿಲ್ಲ" ಅನ್ನುವ ಮಾತೂ ನಿಲ್ಲುವುದಿಲ್ಲ. ಗೊತ್ತಿತ್ತು, ಜಾಸ್ತಿ ಬಳಸಲಿಲ್ಲ ಅಷ್ಟೆ. ಕಲ್ಲಿನ ದೇವಸ್ಥಾನ ಕಟ್ಟುವವರಿಗೆ ಕಂಬ ನಿಲ್ಲಿಸಿ, ಅದರ ತಲೆಗೆ ಬೋದಿಗೆ, ಅಂದರೆ ತೊಲೆ ಹೊರುವ ಚಾಚುಗಲ್ಲು ಇಟ್ಟು, ಮೇಲೆ ತೊಲೆ ಹಾಸುವುದು ಒಗ್ಗಿದ ಕೆಲಸ. ಕಲ್ಲಿಗೂ ಬರವಿರಲಿಲ್ಲ.

ನಿಜವಾದ ಕಮಾನು ಅಂದೆ. ಸುಳ್ಳು ಕಮಾನೂ ಇದೆಯಾ? ಇದೆ. ಗುರುತು ಹಿಡಿಯುವುದು ಸುಲಭ. ಕಮಾನಿನ ಆಕಾರ ನೋಡಬೇಡಿ, ಕಲ್ಲುಗಳ ನಡುವಿನ ಸಂದು ನೋಡಿ. ತುದಿಯವರೆಗೂ ಸಂದುಗಳು ನೆಲಕ್ಕೆ ಸಮವಾಗಿ ಮಲಗಿದ್ದರೆ, ಅದು ಪ್ರತಿ ಸಾಲಿನ ಕಲ್ಲನ್ನೂ ಕೆಳಗಿನದಕ್ಕಿಂತ ಸ್ವಲ್ಪ ಮುಂದೆ ಚಾಚಿ ಕಟ್ಟಿದ್ದು. ಮೆಟ್ಟಿಲನ್ನು ತಲೆಕೆಳಗು ಮಾಡಿದ ಹಾಗೆ. ಆಮೇಲೆ ಅಂಚನ್ನು ಕೆತ್ತಿ ಕಮಾನಿನ ರೂಪ ಕೊಟ್ಟಿರುತ್ತಾರೆ. ಅದರ ಬದಲು ಸಂದುಗಳು ಸುತ್ತಲೂ ಬೀಸಣಿಗೆಯಂತೆ ಹರಡಿ, ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿದ್ದರೆ ಅದು ನಿಜವಾದ ಕಮಾನು. ಗಾರೆ ಮೆತ್ತಿದ್ದರೆ ಸಂದು ಕಾಣುವುದಿಲ್ಲ, ಗಾರೆ ಉದುರಿದ ಜಾಗ ಹುಡುಕಬೇಕು.

ಈ ಕಣ್ಣಿನಿಂದ ದೆಹಲಿಯ ಕುತುಬ್ ಆವರಣ ನೋಡಿ. ಅಲ್ಲಿನ ಮಸೀದಿಯ ಮುಂದೆ 1199ರ ಹೊತ್ತಿಗೆ ಎದ್ದ ಭಾರಿ ಕಮಾನುಗಳ ಗೋಡೆಯಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕಮಾನುಗಳು ಸುಳ್ಳು ಕಮಾನುಗಳು! ಸಂದುಗಳೆಲ್ಲ ಮಲಗಿವೆ. ಕಟ್ಟಿಸಿದವರು ಕೇಳಿದ್ದು ಕಮಾನಿನ ಆಕಾರ. ಕಟ್ಟಿದ ಸ್ಥಳೀಯ ಕೆಲಸಗಾರರು ಅದನ್ನು ತಮಗೆ ಗೊತ್ತಿದ್ದ ರೀತಿಯಲ್ಲೇ ಕಟ್ಟಿ ಕೊಟ್ಟರು. ಅದೇ ದೆಹಲಿಯಲ್ಲಿ ನಿಜವಾದ ಕಮಾನು ಕಾಣುವುದು ಸುಲ್ತಾನ ಬಲ್ಬನ್‌ನ ಗೋರಿಯಲ್ಲಿ, ಸುಮಾರು 1287ರಲ್ಲಿ. ಕುತುಬ್ ಆವರಣದ್ದೇ ಹೆಬ್ಬಾಗಿಲಾದ 1311ರ ಅಲಾಯಿ ದರ್ವಾಜಾ ಹೊತ್ತಿಗೆ ಕೈ ಪೂರ್ತಿ ಕುದುರಿತ್ತು.

ಕುತುಬ್ ವಿಷಯ ಎತ್ತಿದರೆ ಇನ್ನೊಂದು ಪ್ರಶ್ನೆ ತಕ್ಷಣ ಬರುತ್ತದೆ, ಗೊತ್ತು. ಹೌದು, 27 ದೇವಸ್ಥಾನಗಳ ಸಾಮಗ್ರಿ ಬಳಸಿದ್ದೇವೆ ಅಂತ ಆ ಮಸೀದಿಯ ಶಾಸನವೇ ಹೇಳುತ್ತದೆ. ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಆದರೆ ಅಲ್ಲಿ ನಡೆದದ್ದನ್ನು ಹಿಡಿದುಕೊಂಡು ದೇಶದ ಪ್ರತಿ ಕಮಾನು, ಪ್ರತಿ ಕಂಬಕ್ಕೂ ಜಾತಕ ಬರೆಯಲು ಆಗುವುದಿಲ್ಲ.

ಯಾಕೆ ಅನ್ನುವುದಕ್ಕೆ ಹಂಪಿಗೇ ವಾಪಸ್ ಬನ್ನಿ. ಅಲ್ಲಿ ಒಂದು ಮಸೀದಿ ಇದೆ, ಬಹಳ ಜನ ನೋಡದೇ ಬರುತ್ತಾರೆ. ಇಮ್ಮಡಿ ದೇವರಾಯನ ಬಳಿ ಅಧಿಕಾರಿಯಾಗಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. ಕನ್ನಡ ಶಾಸನವೂ ಇದೆ. ದೇವರಾಯನಿಗೆ ಪುಣ್ಯವಾಗಲಿ ಅಂತ ಕಟ್ಟಿಸಿದ ಧರ್ಮಸಾಲೆ ಅಂತ ಅದರಲ್ಲಿದೆ. ಕಟ್ಟಡ ಹೇಗಿದೆ ಗೊತ್ತಾ? ಸಾಲು ಕಂಬ, ಮೇಲೆ ತೊಲೆ, ಚಪ್ಪಟೆ ಚಾವಣಿ. ಗುಮ್ಮಟ ಇಲ್ಲ, ಮಿನಾರು ಇಲ್ಲ. ಹಿಂದಿನ ಗೋಡೆಯ ಮಿಹ್ರಾಬಿನ ಗೂಡು, ಅಂದರೆ ನಮಾಜಿನ ದಿಕ್ಕು ತೋರಿಸುವ ಗೂಡು ಗಮನಿಸದಿದ್ದರೆ ಯಾವುದೋ ದೇವಸ್ಥಾನದ ಮಂಟಪ ಅಂದುಕೊಂಡು ಮುಂದೆ ಹೋಗುತ್ತೀರಿ. ಕಲ್ಲು ಬೇರೆ ಕಡೆಯಿಂದ ತಂದು ಜೋಡಿಸಿದ್ದೂ ಅಲ್ಲ, ಆ ಕಾಲದ ರೂಢಿಯಂತೆ ಕಟ್ಟಿದ್ದು.

ಅಂದರೆ ಒಂದೇ ಊರಿನಲ್ಲಿ, ಮುಸ್ಲಿಂ ಅಧಿಕಾರಿ ಕಟ್ಟಿಸಿದ ಮಸೀದಿಗೆ ಕಂಬ-ತೊಲೆ, ಹಿಂದೂ ಅರಸರ ಆನೆಗಳಿಗೆ ಗುಮ್ಮಟ! ಈಗ ಹೇಳಿ, ನಿಮ್ಮ ಕಮಾನು-ಕಂಬದ ಲೆಕ್ಕ ಎಲ್ಲಿ ಉಳಿಯಿತು?

ವಿಜಯನಗರದ ಅರಸರ ರೀತಿ ಸ್ಪಷ್ಟವಾಗಿತ್ತು. ದೇವಸ್ಥಾನಕ್ಕೆ ಹಳೆಯ ಪದ್ಧತಿ, ಕಂಬ ಮತ್ತು ತೊಲೆ. ಅರಮನೆಯ ಆವರಣ, ಲಾಯ, ಕಾವಲು ಗೋಪುರ ಇಂಥವಕ್ಕೆ ಆಗ ದಖ್ಖನ್ನಿನ ದರ್ಬಾರುಗಳಲ್ಲೆಲ್ಲ ಚಾಲ್ತಿಯಲ್ಲಿದ್ದ ಹೊಸ ಧಾಟಿ. ತಮ್ಮನ್ನು 'ಹಿಂದೂರಾಯ ಸುರತ್ರಾಣ', ಅಂದರೆ ಹಿಂದೂ ರಾಜರಲ್ಲಿ ಸುಲ್ತಾನ ಅಂತ ಕರೆದುಕೊಂಡ ಅರಸರು ಇವರು. ದರ್ಬಾರಿನಲ್ಲಿ ಸುಲ್ತಾನರ ದರ್ಬಾರಿನ ಧಾಟಿಯ ಕುಲಾವಿ (ಟೋಪಿ), ಕಬಾಯಿ (ನಿಲುವಂಗಿ) ತೊಡುತ್ತಿದ್ದರು. ಕಟ್ಟಡದಲ್ಲಿ ಮಾತ್ರ ಮಡಿ ಮಾಡುತ್ತಾರಾ?

ಲೋಟಸ್ ಮಹಲನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡಿ. ಕೆಳಗೆ ಎಸಳು ಎಸಳಾಗಿ, ಒಂದರೊಳಗೊಂದು ಹಿಂದೆ ಸರಿಯುವ ಕಮಾನುಗಳು, ಅವುಗಳ ಮೇಲೆ ಗಾರೆಯ ಕುಸುರಿ. ಅದರ ಮೇಲೆ ಮುಂದಕ್ಕೆ ಚಾಚಿ ಬಾಗಿದ ಸೂರು. ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ, ದೇವಸ್ಥಾನದ ಶಿಖರದಂಥ ಮಾಡುಗಳು. ಒಂದೇ ಕಟ್ಟಡ, ಒಂದೇ ಸಲ ಯೋಚಿಸಿ ಕಟ್ಟಿದ್ದು.

ಈಗ ಪ್ರಶ್ನೆಯ ಎರಡನೇ ಭಾಗ, ಬೇಗ ಮುಗಿಸೋಣ. ಇಂಡೋ-ಇಸ್ಲಾಮಿಕ್ ಶೈಲಿಯ ಲಕ್ಷಣಗಳೇನು? ಕಮಾನು, ಗುಮ್ಮಟ ಸರಿ. ಸುಣ್ಣದ ಗಾರೆಯ ಧಾರಾಳ ಬಳಕೆ, ಗೋಡೆಯ ಮೇಲೆ ಅಕ್ಷರಗಳ ಅಲಂಕಾರ, ರೇಖಾಗಣಿತದ ಬಳ್ಳಿ ವಿನ್ಯಾಸ, ಕಲ್ಲಿನಲ್ಲಿ ಕಲ್ಲು ಕೂಡಿಸುವ ಕೆಲಸ. ಇವುಗಳ ಜೊತೆಗೆ ಇಲ್ಲಿನವೇ ಆದ ಛಜ್ಜ (ಚಾಚಿದ ಸೂರು), ಛತ್ರಿ (ಕಂಬಗಳ ಮೇಲಿನ ಪುಟ್ಟ ಗುಮ್ಮಟದ ಮಂಟಪ), ಬೋದಿಗೆ, ಕಲ್ಲಿನ ಜಾಲಂಧ್ರ (ಜಾಲರಿ ಕಿಟಕಿ), ಗುಮ್ಮಟದ ಬುಡಕ್ಕೆ ಕಮಲದ ಎಸಳು, ತುದಿಗೆ ಕಳಶ. ಎರಡೂ ಬೆರೆತದ್ದೇ ಈ ಶೈಲಿ. ಮಿನಾರು ಇರಲೇಬೇಕೆಂದೇನಿಲ್ಲ. 1367ರಲ್ಲಿ ಕಟ್ಟಿದ ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಮಿನಾರೂ ಇಲ್ಲ, ಬಯಲು ಅಂಗಳವೂ ಇಲ್ಲ. ಅಹಮದಾಬಾದಿನ 1424ರ ಜಾಮಿ ಮಸೀದಿಯೊಳಗೆ 260 ಕಂಬಗಳಿವೆ.

ಗುಮ್ಮಟದ ಮಾತು ಬಂದಾಗ ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಕೋಣೆ ಚೌಕ, ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡಗಿನದ್ದು ಕೂರುವುದು ಹೇಗೆ? ನಾಲ್ಕು ಮೂಲೆಗಳ ಮೇಲೆ ಏನೂ ಇರುವುದಿಲ್ಲವಲ್ಲ?

ಸಾಮಾನ್ಯವಾಗಿ ಮೂಲೆಗೆ ಅಡ್ಡಲಾಗಿ ಒಂದೊಂದು ಸಣ್ಣ ಕಮಾನು ಹಾಕಿ ಚೌಕವನ್ನು ಎಂಟು ಮೂಲೆ ಮಾಡುತ್ತಾರೆ, ಆಮೇಲೆ ಹದಿನಾರು, ಆಮೇಲೆ ವೃತ್ತ. ವಿಜಯಪುರದ ಗೋಲ್ ಗುಂಬಜ್‌ನಲ್ಲಿ ಇದನ್ನು ಇನ್ನೂ ಜಾಣತನದಿಂದ ಮಾಡಿದ್ದಾರೆ. ಒಳಗೆ ನಿಂತು ತಲೆಯೆತ್ತಿದರೆ ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗುವುದು ಕಾಣುತ್ತದೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿಟ್ಟು ಗೆರೆ ಎಳೆದಂಥ ನಕ್ಷೆ. ಆ ಕಮಾನುಗಳ ನಡುವಿನ ಗಾರೆ-ಕಲ್ಲಿನ ಭಾಗ ಒಳಮುಖವಾಗಿ ಚಾಚಿದೆ. ಗುಮ್ಮಟದ ಭಾರ ಗೋಡೆಯನ್ನು ಹೊರಗೆ ತಳ್ಳುತ್ತದೆ, ಒಳಗೆ ಚಾಚಿದ ಈ ಭಾರ ಅದಕ್ಕೆ ಎದುರು ನಿಲ್ಲುತ್ತದೆ. ಅದರ ಅಂಚಿನಲ್ಲೇ ನಾವು ಹೋಗಿ ಪಿಸುಗುಟ್ಟುವ ಮೊಗಸಾಲೆ ಇರುವುದು. ಅಲ್ಲಿ ಕೂಗಿ ಪ್ರತಿಧ್ವನಿ ಎಣಿಸುವವರು ಕಾಲ ಕೆಳಗೆ ಏನಿದೆ ಅಂತ ಒಮ್ಮೆ ಯೋಚಿಸಿದರೆ ಚೆನ್ನ.

"ಪ್ರಪಂಚದ ಎರಡನೇ ದೊಡ್ಡ ಗುಮ್ಮಟ" ಅನ್ನುವುದನ್ನೂ ಸ್ವಲ್ಪ ನೋಡಿ ಹೇಳಿ. ಗೋಲ್ ಗುಂಬಜ್‌ನ ಹೊರ ವ್ಯಾಸ ಸುಮಾರು 44 ಮೀಟರ್, ಒಳ ವ್ಯಾಸ ಸುಮಾರು 38. ರೋಮ್‌ನ ಪ್ಯಾಂಥಿಯನ್‌ನದ್ದು ಒಳಗಿನಿಂದಲೇ 43. ಸೇಂಟ್ ಪೀಟರ್ಸ್ ಚರ್ಚಿನದ್ದು ಒಳಗೆ ಸುಮಾರು 42. ಒಳ ವ್ಯಾಸ ಹಿಡಿದರೆ ನಾವು ಹಿಂದೆ ಬೀಳುತ್ತೇವೆ. ಹೊಗಳಲೇಬೇಕು ಅಂತಿದ್ದರೆ ವ್ಯಾಸ ಬಿಟ್ಟು ನೆಲ ಅಳೆಯಿರಿ. ನಡುವೆ ಒಂದೂ ಕಂಬವಿಲ್ಲದ ಆ ಕೋಣೆಯ ಒಂದೊಂದು ಬದಿ ಸುಮಾರು 41 ಮೀಟರ್. ಒಟ್ಟು ಸುಮಾರು 1,700 ಚದರ ಮೀಟರ್ ನೆಲ. ಪ್ಯಾಂಥಿಯನ್‌ನ ದುಂಡು ಕೋಣೆಯದ್ದು 1,500 ಕೂಡ ಮುಟ್ಟುವುದಿಲ್ಲ.