ಯಾವ ಬ್ಯಾಚಿಗೆ ಹಾಕೋಣ್ರಿ ಸರ?

ಪ್ರಶ್ನೆ: ಸರ, ನಮ್ಮ ಹುಡುಗಗ ಆರು ವರ್ಷ. ಯಾವ ಬ್ಯಾಚಿಗೆ ಹಾಕೋಣ್ರಿ? ಹದಿನೈದು ದಿನದಾಗ ಈಸಾಕ ಬರ್ತೈತೇನು? ನಮ್ಮ ಮಾವಾರು, "ಸುಮ್ನ ನೀರಾಗ ಒಗೀರಿ, ತಾನ ಕಲೀತಾನ" ಅಂತಾರ.

ಉತ್ತರ: ಏಪ್ರಿಲ್ ಬಂತೆಂದರೆ ಈಜು ಕಲಿಸುವ ನನಗೆ ಇದೇ ಪ್ರಶ್ನೆ. ಗಂಗಾವತಿಯಿಂದ ಒಂದು, ಕಾರಟಗಿಯಿಂದ ಒಂದು, ಸಿಂಧನೂರಿನಿಂದ ಎರಡು. ಹನ್ನೆರಡು ಬೇಸಿಗೆ ಇದಕ್ಕೇ ಉತ್ತರ ಕೊಟ್ಟಿದ್ದೇನೆ. ಈ ಸಲ ಬರೆದಿಡುತ್ತೇನೆ, ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಬ್ಯಾಚು ವಯಸ್ಸಿನ ಮೇಲೆ ಮಾಡುವುದಿಲ್ಲ. ಮೊದಲ ದಿನ ಮಗುವನ್ನು ಕೊಳದ ಎರಡನೇ ಮೆಟ್ಟಿಲ ಮೇಲೆ ಕೂರಿಸಿ, ತಲೆ ಮೇಲೆ ಒಂದು ಚೊಂಬು ನೀರು ಸುರಿಯುತ್ತೇನೆ. ಎರಡೂ ಕೈಯಿಂದ ಗಡಬಡಿಸಿ ಮುಖ ಒರೆಸಿಕೊಂಡರೆ ಅದು ಮೆಟ್ಟಿಲ ಬ್ಯಾಚು, ವಯಸ್ಸು ನಾಲ್ಕಾಗಲಿ ಹತ್ತಾಗಲಿ. ಒರೆಸಿಕೊಳ್ಳದೆ ಕಣ್ಣು ಪಿಳಿಪಿಳಿ ಮಾಡಿ ನಕ್ಕರೆ ಮುಂದಿನ ಬ್ಯಾಚು. ಮೆಟ್ಟಿಲ ಬ್ಯಾಚಿನವರ ಕೆಲಸ ಒಂದೇ: ಟೇಬಲ್ ಟೆನಿಸ್ ಚೆಂಡನ್ನು ಬಾಯಿಂದ ಊದುತ್ತ ನೀರ ಮೇಲೆ ಓಡಿಸುವುದು, ಆಮೇಲೆ ಮುಖ ಮುಳುಗಿಸಿ ಗುಳ್ಳೆ ಬಿಡುವುದು. ಗೋಡೆಯಾಚೆ ನಿಂತ ಅಪ್ಪಂದಿರಿಗೆ ಇದು ಆಟದಂತೆ ಕಾಣುತ್ತದೆ. "ರೊಕ್ಕ ಕೊಟ್ಟು ಗುಳ್ಳಿ ಬಿಡಾಕ ಕಳಿಸೇವೇನ್ರಿ?" ಎಂದು ಒಬ್ಬರು ಮುಖದ ಮೇಲೇ ಕೇಳಿದ್ದರು. ಹೌದ್ರಿ, ಅದಕ್ಕೇ ಕಳಿಸೀರಿ. ನೀರೊಳಗೆ ಉಸಿರು ಹೊರಗೆ ಬಿಡಲು ಬಾರದವನಿಗೆ, ತಲೆ ಎತ್ತಿದಾಗ ಹೊಸ ಉಸಿರು ತೆಗೆದುಕೊಳ್ಳಲು ಎದೆಯಲ್ಲಿ ಜಾಗವೇ ಇರುವುದಿಲ್ಲ.

ಎರಡನೇ ಬ್ಯಾಚು ತೇಲುವವರದು. ತೇಲುವುದು ಸುಲಭ, ತೇಲಿದವನು ಎದ್ದು ನಿಲ್ಲುವುದು ಕಷ್ಟ. ಬೋರಲಾಗಿ ತೇಲುವ ಮಗು ಮೊಣಕಾಲನ್ನು ಎದೆಗೆ ಎಳೆದುಕೊಳ್ಳಬೇಕು, ಅಂಗೈಯಿಂದ ನೀರನ್ನು ಕೆಳಗೆ ಒತ್ತಬೇಕು, ತಲೆಯನ್ನು ಕೊನೆಗೆ ಎತ್ತಬೇಕು. ಎಲ್ಲ ಮಕ್ಕಳೂ ತಲೆಯನ್ನೇ ಮೊದಲು ಎತ್ತುತ್ತಾರೆ, ಕಾಲು ಜಾರಿ ಗುಳುಂ ಎನ್ನುತ್ತಾರೆ. ಇದು ಬಂದ ಮೇಲೆ ಗೋಡೆ ಒದ್ದು ಬಾಣದಂತೆ ಜಾರುವುದು, ಕಾಲು ಬಡಿಯುವುದು. ಮೂರನೆಯವರು ಹೋಗುವವರು: ಮಗ್ಗುಲಿಗೆ ಹೊರಳಿ ಉಸಿರು ತೆಗೆದುಕೊಳ್ಳುತ್ತ 25 ಮೀಟರ್ ದಾಟಲು ಹೊರಟವರು. ಅವರ ವಿಷಯ ಅವರೇ ನೋಡಿಕೊಳ್ಳುತ್ತಾರೆ, ನನಗೆ ಬರೀ ಸೀಟಿ ಊದುವ ಕೆಲಸ.

ದಿನಕ್ಕೊಂದು ತಾಸಿನಂತೆ ಹದಿನೈದು ದಿನ ಬಂದರೆ, ಹೆದರಿಕೆಯಿಲ್ಲದ ಆರು ವರ್ಷದ ಮಗು ತೇಲುತ್ತದೆ, ನಿಲ್ಲುತ್ತದೆ, ನಾಲ್ಕೈದು ಮೀಟರ್ ಜಾರುತ್ತದೆ. ಮಗ್ಗುಲ ಉಸಿರು ಬಹಳ ಮಕ್ಕಳಿಗೆ ಎರಡನೇ ಬೇಸಿಗೆಗೇ ಬರುವುದು. ವಯಸ್ಸಿನ ಬಗ್ಗೆ ಹೇಳುವುದಾದರೆ, ಆರು ದಾಟಿದ ಶಾಲೆ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಎರಡನ್ನೂ ಕಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಹುಡುಗನಿಗೆ ಸರಿಯಾದ ವಯಸ್ಸು.

ಈಗ ಮಾವನವರ ಮಾತಿಗೆ ಬರುತ್ತೇನೆ.

"ನಮ್ಮಜ್ಜ ನನ್ನ ಭಾವ್ಯಾಗ ಒಗದಿದ್ದ, ಅಲ್ಲೇ ಕಲ್ತೆ" ಎನ್ನುವ ಹಿರಿಯರು ಈ ಕಡೆ ಪ್ರತಿ ಊರಲ್ಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅರ್ಧ ಮರೆತಿದ್ದಾರೆ. ಅಂಥ ಒಬ್ಬರನ್ನು ಕಟ್ಟೆಯ ಮೇಲೆ ಕೂರಿಸಿ ಬಿಡಿಸಿ ಬಿಡಿಸಿ ಕೇಳಿದ್ದೇನೆ. ಒಗೆಯುವ ಮುಂಚೆ ಎಷ್ಟು ದಿನ ಆ ಭಾವಿಗೆ ಹೋಗ್ತಿದ್ರಿ? "ಎರಡು ಬ್ಯಾಸಿಗಿ." ಏನು ಮಾಡ್ತಿದ್ರಿ? "ಮೆಟ್ಟಿಲ ಮ್ಯಾಲೆ ಕುಂತು ಕಾಲು ಬಡೀತಿದ್ವಿ, ಎಮ್ಮಿ ಮೈ ತೊಳೀತಿದ್ವಿ." ಬೆನ್ನಿಗೆ ಏನಾದರೂ ಕಟ್ಟಿದ್ರಾ? "ಒಣ ಸೋರಿಬುರುಡಿ ಎರಡು." ಸೊಂಟಕ್ಕೆ? "ಹಗ್ಗ ಇತ್ತು, ಅಜ್ಜನ ಕೈಯಾಗ." ನೀರಲ್ಲಿ ಯಾರಿದ್ದರು? "ನಮ್ಮ ಕಾಕಾ ಇದ್ದ, ನಮ್ಮಣ್ಣ ಇದ್ದ." ನೋಡಿ ಮತ್ತೆ! ಮೆಟ್ಟಿಲಾಯಿತು, ಬುರುಡೆಯಾಯಿತು, ಮೊದಲು ಎರಡು ಬುರುಡೆ, ಆಮೇಲೆ ಒಂದು, ಆಮೇಲೆ ಬರೀ ಹಗ್ಗ. ಕೊನೆಗೊಂದು ದಿನ ಹಗ್ಗ ಬಿಚ್ಚಿ ನೂಕಿದರು. ಆ ಕೊನೆಯ ದಿನ ಮಾತ್ರ ನೆನಪಲ್ಲಿ ಉಳಿದಿದೆ. ಅಜ್ಜನೂ ಬ್ಯಾಚು ಮಾಡಿದ್ದನು, ಫೀಜು ತೆಗೆದುಕೊಳ್ಳಲಿಲ್ಲ ಅಷ್ಟೇ.

ಇನ್ನು ಸುಮ್ಮನೆ ಒಗೆಸಿಕೊಂಡು ಕಲಿತವರೂ ಇದ್ದಾರಲ್ಲ ಅನ್ನುತ್ತೀರಿ. ಇದ್ದಾರೆ. ಒಗೆಸಿಕೊಂಡು ಮೇಲೆ ಬಾರದವರು ಕಟ್ಟೆಗೆ ಬಂದು ಕಥೆ ಹೇಳುವುದಿಲ್ಲ.

ದಿಢೀರನೆ ತಣ್ಣೀರಿಗೆ ಬಿದ್ದ ಮೈ ತಾನಾಗಿ ಹಾ ಎಂದು ಉಸಿರೆಳೆಯುತ್ತದೆ, ನೀವು ಹೇಳಿದರೂ ಕೇಳುವುದಿಲ್ಲ. ಆಗ ಬಾಯಿ ನೀರೊಳಗಿದ್ದರೆ ಎಳೆದದ್ದು ನೀರೇ. ಮೇಲೆ ಬಂದ ಮಗು ಆಕಾಶ ನೋಡುತ್ತ ಕೈಯಿಂದ ಏಣಿ ಹತ್ತುವವನಂತೆ ಮಾಡುತ್ತದೆ. ನಮ್ಮ ಮೈಯಲ್ಲಿ ಗಾಳಿ ತುಂಬಿದ ಚೀಲ ಎದೆ. ತಲೆಯನ್ನು ನೀರಿಂದ ಹೊರಗೆತ್ತಿದಷ್ಟೂ ಅದರ ಭಾರ ಎದೆಯ ಮೇಲೆ ಬಿದ್ದು ಸೊಂಟ, ಕಾಲು ಕೆಳಗಿಳಿಯುತ್ತವೆ. ಸಣ್ಣ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಅವರಿಗಿದು ಇನ್ನೂ ಕಷ್ಟ. ಹೆದರಿದ ಮಗು ಮಾಡುವುದೆಲ್ಲ ಈಜಿಗೆ ಉಲ್ಟಾ. ಹಾಗಿರುವಾಗ ಅದು ಏನು ಕಲಿತೀತು?

"ಎಮ್ಮಿ ಕರುಗ ಯಾರು ಕಲಿಸ್ಯಾರ್ರಿ?" ಎಂದೂ ಕೇಳುತ್ತಾರೆ. ಕರು ನೆಲದ ಮೇಲೆ ನಡೆದ ಹಾಗೇ ನೀರಲ್ಲಿ ಕಾಲಾಡಿಸಿದರೆ ಸಾಕು, ಮೂಗು ಮುಂದೆ, ನೀರಿನ ಮೇಲೆ ಇರುತ್ತದೆ. ನೀವು ನಡೆದ ಹಾಗೆ ನೀರಲ್ಲಿ ನಡೆದು ನೋಡಿ, ಮೂಗು ಎಲ್ಲಿಗೆ ಹೋಗುತ್ತದೆ ತಿಳಿಯುತ್ತದೆ. ಮೊಬೈಲಿನಲ್ಲಿ ಓಡಾಡುವ, ಹಸುಗೂಸು ನೀರೊಳಗೆ ಕಣ್ಣು ತೆರೆದು ಸಾಗುವ ವಿಡಿಯೊ ಕಳಿಸುವವರಿಗೂ ಹೇಳುತ್ತೇನೆ: ಅದು ಈಜಲ್ಲ. ಹುಟ್ಟಿದ ಕೆಲವು ತಿಂಗಳು ಇರುವ, ಉಸಿರು ತಾನಾಗಿ ಕಟ್ಟಿಕೊಳ್ಳುವ ಒಂದು ಗುಣ. ಮೊದಲ ವರ್ಷದಲ್ಲೇ ಅದು ಕಳೆದುಹೋಗುತ್ತದೆ.

ಮೂರು ವರ್ಷದ ಹಿಂದೆ ಏಳು ವರ್ಷದ ಹುಡುಗನೊಬ್ಬ ಬಂದಿದ್ದ. ಸೋದರಮಾವ ಹಿಂದಿನ ವಾರ ಕೆನಾಲಿಗೆ ನೂಕಿದ್ದರು, ಅವರೇ ಎತ್ತಿದ್ದರು ಕೂಡ. ಆ ಹುಡುಗ ಕೊಳದ ಕಟ್ಟೆಗೆ ಬೆನ್ನು ಹಾಕಿ, ಬಾಗಿಲು ನೋಡುತ್ತ ಕೂರುತ್ತಿದ್ದ. ಒಂಬತ್ತು ದಿನ ಬರೀ ಕಾಲು ತೊಯಿಸಿದೆವು. ಇಪ್ಪತ್ತೊಂದನೇ ದಿನ ಮುಖ ಮುಳುಗಿಸಿದ. ಅವನ ತಂಗಿಗೆ ನಾಲ್ಕು ವರ್ಷ, ಯಾರೂ ನೂಕಿರಲಿಲ್ಲ, ಎರಡನೇ ದಿನವೇ ಗುಳ್ಳೆ ಬಿಟ್ಟಳು. ಒಗೆದರೆ ಬೇಗ ಬರುತ್ತದೆ ಎನ್ನುವವರು ಈ ಲೆಕ್ಕ ಹಾಕಿಕೊಳ್ಳಲಿ.

ಕೆನಾಲ್ ಮಾತು ಬಂತು, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಕೊಳದಲ್ಲಿ 25 ಮೀಟರ್ ದಾಟಿದ ಮಗುವಿಗೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜು ಬರುವುದಿಲ್ಲ. ಮುನಿರಾಬಾದಿನಲ್ಲಿ ಹೊರಟ ನೀರು ರಾಯಚೂರು ಜಿಲ್ಲೆಯವರೆಗೆ ಹೋಗಬೇಕು, ನಿಂತು ಮಾತಾಡಿಸುವುದಿಲ್ಲ. ಎರಡೂ ಕಡೆ ಇಳಿಜಾರು ಲೈನಿಂಗು, ಅಂದರೆ ದಂಡೆಗೆ ಹಾಸಿದ ಗಟ್ಟಿ ಹೊದಿಕೆ, ಅದರ ಮೇಲೆ ಪಾಚಿ, ಹಿಡಿಯಲು ಒಂದು ಹುಲ್ಲುಕಡ್ಡಿ ಇಲ್ಲ. ದೊಡ್ಡವರೇ ಹತ್ತಲಾಗದೆ ಜಾರುತ್ತಾರೆ. ಮುಳುಗುವವನು "ಕಾಪಾಡಿ" ಎಂದು ಕೂಗುತ್ತಾನೆ ಎಂದು ಕಾಯಬೇಡಿ. ಉಸಿರಿಗೇ ಪುರಸೊತ್ತಿಲ್ಲದವನಿಗೆ ಕೂಗು ಎಲ್ಲಿಂದ ಬರಬೇಕು? ಬಾಯಿ ಮೇಲೆ ಕೆಳಗೆ ಆಗುತ್ತದೆ, ಸದ್ದಿಲ್ಲ, ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ನೋಡಿದವರು ಹಿಂದೆ ಹಾರಬಾರದು. ಸೀರೆ ಎಸೆಯಿರಿ, ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು ಎಸೆಯಿರಿ. ಐದು ಲೀಟರಿನ ಕ್ಯಾನು ದೊಡ್ಡ ಆಳಿನ ತಲೆಯನ್ನೂ ಮೇಲೆ ಹಿಡಿಯುತ್ತದೆ.

ಆ ಕಾಲುವೆ ದಂಡೆಯಲ್ಲಿ ದಿನಾ ಬಟ್ಟೆ ಒಗೆಯುವವರು ಯಾರು, ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡವರು ಯಾರು? "ಅವ್ವಗೂ ಕಲಿಸ್ತೀರೇನು" ಎಂದು ಒಬ್ಬರೂ ಫೋನ್ ಮಾಡಿಲ್ಲ. ಹೋದ ಬೇಸಿಗೆ ಮಗಳನ್ನು ಬಿಡಲು ಬರುತ್ತಿದ್ದ ಒಬ್ಬ ತಾಯಿ ತಾವಾಗೇ ಕೇಳಿದರು. ಹೆಂಗಸರ ತಾಸು ಬೆಳಿಗ್ಗೆ ಆರಕ್ಕೆ, ನಮ್ಮ ಮನೆಯಾಕೆ ಕಲಿಸುತ್ತಾಳೆ. ಮೂರನೇ ದಿನ ಅವರು ಅಂಗಾತ ತೇಲಿದರಂತೆ. ಎದ್ದು ನಿಂತು, "ಅಕ್ಕಾರ, ನಂದು ಯಾವ ಬ್ಯಾಚು?" ಎಂದು ಕೇಳಿದರಂತೆ.

ಹಾಂ, ಹುಡುಗನನ್ನು ಸೋಮವಾರ ಕರೆದುಕೊಂಡು ಬನ್ನಿ. ತಲೆಗೆ ಎಣ್ಣೆ ಹಚ್ಚಬೇಡಿ, ನೀರೆಲ್ಲ ಜಿಡ್ಡಾಗುತ್ತದೆ. ಮಾವನವರೂ ಬರಲಿ, ಚೊಂಬು ಅವರ ಕೈಗೇ ಕೊಡುತ್ತೇನೆ.